ಅವನ ಹೆಸರಿನಲ್ಲಿ ಈಜಿದವರು

“ಒಂದು ಕೈಯಲ್ಲಿ ಈಜಿದ, ಸರಿ. ಇನ್ನೊಂದು ಕೈಗೆ ಏನಾಗಿತ್ತು?”

ಕರಡಪ್ಪನವರು ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿದ್ದದ್ದು ಒಂದು ಮೇಜು, ಒಂದು ಭೂತಗನ್ನಡಿ, ಎರಡು ಕುರ್ಚಿ. ಒಂದರಲ್ಲಿ ಅವರು ಕೂತಿದ್ದರು. ಎದುರಿನದರಲ್ಲಿ ಅವರ ಹೆಂಡತಿ ಕೂರುತ್ತಿದ್ದರು. ತೀರಿಕೊಂಡು ಆರು ವರ್ಷವಾಗಿತ್ತು. ಕುರ್ಚಿ ಉತ್ತರ ಕೊಡಲಿಲ್ಲ. ಕರಡಪ್ಪನವರೂ ಹೆಚ್ಚು ಹೊತ್ತು ಕಾಯಲಿಲ್ಲ. ಪೆನ್ಸಿಲ್ ತೆಗೆದು ಹಾಳೆಯ ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ಅದರ ಸುತ್ತ ಸೊನ್ನೆ ಎಳೆದರು.

ಕರಡಪ್ಪ ಅನ್ನುವುದು ಅವರ ಹೆಸರಲ್ಲ. ಊರಿಗಿದ್ದ ಒಂದೇ ದಿನಪತ್ರಿಕೆಯಲ್ಲಿ ನಲವತ್ತೊಂದು ವರ್ಷ ಕರಡು ತಿದ್ದಿದ್ದಕ್ಕೆ ಜನ ಕೊಟ್ಟ ಬಿರುದು. ನಿಜವಾದ ಹೆಸರು ಅಂಚೆಯವನಿಗೂ ಮರೆತುಹೋಗಿ ಎಷ್ಟೋ ಕಾಗದಗಳು ವಾಪಸ್ಸು ಹೋಗಿದ್ದವು. ಮದುವೆಗೆ ಕರೆಯಲು ಬಂದವರು ಕರೆಯೋಲೆಯನ್ನು ಅವರ ಕೈಗಿಟ್ಟು, ಅವರು ಕನ್ನಡಕ ಹುಡುಕುವುದರೊಳಗೆ ಬೀದಿ ದಾಟಿಬಿಡುತ್ತಿದ್ದರು.

ಅವರ ಮುಂದಿದ್ದ ಕೆಲಸ ಸಣ್ಣದು. ಊರಿನ ಶಾಲೆ ಹೊಸ ಸಭಾಂಗಣ ಕಟ್ಟಿಸಿ, ಐವತ್ತಾರು ವರ್ಷದ ಹಿಂದೆ ಯುದ್ಧದಲ್ಲಿ ಸತ್ತ ತನ್ನ ಹಳೆಯ ವಿದ್ಯಾರ್ಥಿಯ ಹೆಸರನ್ನು ಅದಕ್ಕಿಡಲು ಹೊರಟಿತ್ತು. ವಾಯುಸೇನೆಯಲ್ಲಿದ್ದವನು, ಇಪ್ಪತ್ತೊಂದು ವರ್ಷದವನು. ಉದ್ಘಾಟನೆಯ ದಿನ ಹಂಚಲು ಅವನ ಜೀವನದ ಬಗ್ಗೆ ಹದಿನಾರು ಪುಟದ ಪುಸ್ತಿಕೆ ಬೇಕು. ಶಾಲೆಯ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ಹೆಡ್‌ಮೇಡಂ, ಬಂದು ಕೇಳಿದ್ದರು.

“ನಿಮಗೇನು ಕಷ್ಟ ಸಾರ್. ಎಲ್ಲರಿಗೂ ಗೊತ್ತಿರೋದೇ. ಚಂದ ಮಾಡಿ ಬರೆದುಬಿಡಿ.”

ಎಲ್ಲರಿಗೂ ಗೊತ್ತಿದ್ದದ್ದು ಮೂರು ಸಂಗತಿ. ಅವನು ವಿಮಾನ ಹಾರಿಸುತ್ತಿದ್ದ. ಶತ್ರುಗಳ ಎರಡು ವಿಮಾನ ಬೀಳಿಸಿ ತಾನೂ ಸಮುದ್ರಕ್ಕೆ ಬಿದ್ದ. ಶಾಲೆಯಲ್ಲಿದ್ದಾಗ ನದಿಯನ್ನು ಒಂದೇ ಕೈಯಲ್ಲಿ ಮೂರು ಸಲ ಈಜಿ ದಾಟಿದ್ದ. ಆ ಈಜಿನ ನೆನಪಿಗೆ ಶಾಲೆಯಲ್ಲಿ ಅವನ ಹೆಸರಿನ ಬೆಳ್ಳಿ ಲೋಟವೊಂದಿತ್ತು. ಪ್ರತಿವರ್ಷದ ಈಜು ಸ್ಪರ್ಧೆಯ ಕೊನೆಯ ಸುತ್ತನ್ನು ಮಕ್ಕಳು ಒಂದೇ ಕೈಯಲ್ಲಿ ಈಜಬೇಕೆಂಬುದು ನಿಯಮ. ಎರಡು ಸಲ ಮಕ್ಕಳನ್ನು ಕೂದಲು ಹಿಡಿದು ದಡಕ್ಕೆಳೆಯಬೇಕಾಗಿ ಬಂದಿತ್ತು. ನಿಯಮ ಹಾಗೇ ಇತ್ತು.

ಕರಡಪ್ಪನವರಿಗೂ ಎರಡು ನಿಯಮಗಳಿದ್ದವು, ಎರಡೂ ಪ್ರೆಸ್ಸಿನ ಹಳೆಯ ಫೋರ್ಮನ್ ಕಲಿಸಿದ್ದು. ಮೊದಲನೆಯದು, ಪ್ರತಿ ಮಾತಿಗೂ ಇಬ್ಬರು ಸಾಕ್ಷಿ ಬೇಕು. ಎರಡನೆಯದು, ಯಾವ ಹಾಳೆಯನ್ನೂ ಒಬ್ಬರೇ ಓದಿ ಅಚ್ಚಿಗೆ ಬಿಡಬಾರದು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಚುಕ್ಕೆ ಕೊಕ್ಕೆ ಸಮೇತ. ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು ಕೇಳಬೇಕು. “ಕಣ್ಣಿಗೆ ದಾಕ್ಷಿಣ್ಯ ಇರುತ್ತೆ ಕಣಯ್ಯ, ತಪ್ಪನ್ನ ಒಪ್ಪಿಕೊಂಡು ಬಿಡುತ್ತೆ. ಕಿವಿ ಹಾಗಲ್ಲ, ತಾಳ ತಪ್ಪಿದ ತಕ್ಷಣ ಮುಖ ತಿರುಗಿಸುತ್ತೆ” ಅನ್ನುತ್ತಿದ್ದ ಫೋರ್ಮನ್. ನಿವೃತ್ತಿಯಾದ ಮೇಲೆ ಬೇರೆಯವರ ಪುಸ್ತಕಗಳನ್ನು ತಿದ್ದುವಾಗ ಎದುರು ಕುರ್ಚಿಯಲ್ಲಿ ಕೂತು ಓದುತ್ತಿದ್ದವರು ಹೆಂಡತಿ. ಅವರು ಹೋದ ಮೇಲೆ ಕರಡಪ್ಪನವರು ಕೆಲಸ ಒಪ್ಪಿಕೊಂಡದ್ದು ಇದೇ ಮೊದಲು.

ಸೇನೆಯ ದಾಖಲೆ ಕಚೇರಿಗೆ ಬರೆದ ಕಾಗದಕ್ಕೆ ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಒಂದೂವರೆ ಪುಟ. ಹುದ್ದೆ: ವಿಮಾನದಲ್ಲಿ ವೈರ್‌ಲೆಸ್ ನಿರ್ವಾಹಕ. ಹಾರಿದ ಗಂಟೆ: ಅರವತ್ತೊಂದು. ನಡತೆ: ಒಳ್ಳೆಯದು. ಈಜು ಪರೀಕ್ಷೆ: ಅನುತ್ತೀರ್ಣ, ಅನುತ್ತೀರ್ಣ, ಉತ್ತೀರ್ಣ. ಕೊನೆಯ ಹಾರಾಟ: ಸಮುದ್ರದ ಮೇಲೆ ಗಸ್ತು, ವಿಮಾನ ಮರಳಲಿಲ್ಲ. ವಿಮಾನದಲ್ಲಿದ್ದ ಶಸ್ತ್ರ: ಇಲ್ಲ. ಬಿಟ್ಟುಹೋದ ವಸ್ತುಗಳು: ಕ್ಷೌರದ ಕತ್ತಿ ಒಂದು, ಟವೆಲ್ಲು ಎರಡು, ಸ್ಕ್ರೂಡ್ರೈವರು ಏಳು.

ನದಿಯನ್ನು ಒಂದೇ ಕೈಯಲ್ಲಿ ದಾಟಿದವನು ಎರಡು ಕೈಯಿದ್ದೂ ಕೊಳದಲ್ಲಿ ಎರಡು ಸಲ ಫೇಲಾಗುವುದು ಹೇಗೆ? ಕರಡಪ್ಪನವರು ಖಾಲಿ ಕುರ್ಚಿಯನ್ನು ಕೇಳಿದ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಮೊದಲು ಹೆಡ್‌ಮೇಡಂಗೆ ಕಾಗದ ತೋರಿಸಿದರು.

“ವಿಮಾನ ಹಾರಿಸ್ತಿದ್ದವನು ಇವನಲ್ಲ ಮೇಡಂ. ಅದರಲ್ಲಿ ಬಂದೂಕೂ ಇರಲಿಲ್ಲ.”

ಹೆಡ್‌ಮೇಡಂ ಕಾಗದ ವಾಪಸ್ಸು ಕೊಟ್ಟರು. “ಸಾರ್, ಬಂದೂಕಿಲ್ಲದೆ ಎರಡು ವಿಮಾನ ಬೀಳಿಸೋದು ಇನ್ನೂ ದೊಡ್ಡದಲ್ವಾ?”

ಕರಡಪ್ಪನವರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹುಡುಗನ ಅಕ್ಕನ ಮನೆಗೆ ಹೋದರು.

ಅಕ್ಕನಿಗೆ ಎಪ್ಪತ್ತೊಂಬತ್ತು; ಕರಡಪ್ಪನವರಿಗಿಂತ ಒಂದೆರಡು ವರ್ಷ ದೊಡ್ಡವರು. ಮದುವೆಯಾಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಆಪರೇಟರಾಗಿ ಕೂತು, ಈಗ ಅದೇ ಕಟ್ಟಡದ ಎದುರಿನ ಮನೆಯ ಎರಡನೇ ಮಹಡಿಯಲ್ಲಿ ಇದ್ದರು. ಬಾಗಿಲು ತೆಗೆದವರು “ಹೇಳಿ” ಅಂದರು. ಒಳಗೆ ಬನ್ನಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಕರಡಪ್ಪನವರು ಬಂದ ಕೆಲಸ ಹೇಳಿದರು.

“ಶಾಲೆಗೆ ಈಗ ನೆನಪಾಯ್ತಾ?”

“ಸಭಾಂಗಣ ಕಟ್ಟಿದ್ದು ಈಗ, ಅಕ್ಕಾ.”

“ಹೂಂ. ಒಂದು ಷರತ್ತು. ಇದ್ದದ್ದು ಇದ್ದಹಾಗೆ ಬರೀಬೇಕು. ಹೊಗಳೋಕೆ ಬೇರೆ ಜನ ಇದ್ದಾರೆ.”

ಕರಡಪ್ಪನವರಿಗೆ ಇಂಥ ಷರತ್ತನ್ನು ಯಾರೂ ಈವರೆಗೆ ಹಾಕಿರಲಿಲ್ಲ. ಹೂಂ ಅಂದು ಒಳಗೆ ಹೋಗಿ ಕೂತರು. ಗೋಡೆಯ ಮೇಲೆ ಒಂದು ಗಡಿಯಾರ ಸದ್ದು ಮಾಡುತ್ತಿತ್ತು. ಅದರ ಕೆಳಗಿನ ಹಲಗೆಯ ಮೇಲೆ, ಬಟ್ಟಲೊಂದರಲ್ಲಿ, ಒಂದು ಹಿತ್ತಾಳೆಯ ಹಲ್ಲುಚಕ್ರ.

“ಅದು ಅವನು ಬಿಚ್ಚಿದ ಗಡಿಯಾರ. ಹದಿಮೂರು ವರ್ಷ ಆಗ. ಜೋಡಿಸಿದ ಮೇಲೆ ಒಂದು ಚಕ್ರ ಮಿಕ್ಕಿತು. ಅದಿಲ್ಲದೆಯೂ ನಡೀತಲ್ಲ, ಹಾಗಾದ್ರೆ ಮೊದಲು ಮಾಡಿದವನೇ ದಂಡಕ್ಕೆ ಹಾಕಿದ್ದ ಅಂದ. ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಹೋಗುತ್ತೆ. ಬೆಳಿಗ್ಗೆ ಎದ್ದು ಹಿಂದಕ್ಕೆ ತಿರುಗಿಸ್ತೀನಿ.”

ಹೀಗೆ ಒಂದೊಂದಾಗಿ ಬಂತು. ತಟ್ಟೆಯ ಅಂಚಿನ ಮೇಲೆ ಬೆರಳಿನಿಂದ ವೈರ್‌ಲೆಸ್ ಸಂಕೇತ ಬಡಿಯುತ್ತ ಊಟ ಮಾಡುತ್ತಿದ್ದದ್ದು. ‘ಬೇರೇನೂ ವಿಶೇಷವಿಲ್ಲ’ ಎಂದು ಶುರುವಾಗಿ ‘ಬೇರೇನೂ ವಿಶೇಷವಿಲ್ಲ’ ಎಂದೇ ಮುಗಿಯುತ್ತಿದ್ದ ಅವನ ಕಾಗದಗಳು. ಕರಡಪ್ಪನವರು ಬರೆದುಕೊಂಡು, ಕೊನೆಗೆ ಈಜಿನ ವಿಷಯ ಎತ್ತಿದರು. ಅಕ್ಕ ಮೊದಲ ಸಲ ನಕ್ಕರು.

“ಈಜು? ಅವನು? ತಲೆ ಮೇಲೆ ನೀರು ಹಾಕ್ಕೊಳ್ಳೋಕೇ ಹೆದರಿ ಸಾಯ್ತಿದ್ದ. ಮಗ್ಗಲ್ಲಿ ಭುಜದವರೆಗೆ ಹಾಕ್ಕೊಂಡು, ತಲೆಗೆ ಒದ್ದೆ ಬಟ್ಟೆ ಒರೆಸ್ಕೊಂಡು ಆಚೆ ಬರೋನು. ಹದಿನೆಂಟು ತುಂಬೋವರೆಗೂ ಅವನ ತಲೆ ತೊಳೆದಿದ್ದು ನಮ್ಮಮ್ಮ. ಕಣ್ಣಿಗೆ ಕೈ ಅಡ್ಡ ಹಿಡ್ಕೊಂಡು.”

“ಅಂಥವನು ವಾಯುಸೇನೆಗೆ ಹೇಗೆ ಸೇರಿದ?”

“ಗಾಳಿಗೇನು ಹೆದರ್ತಿರಲಿಲ್ಲವಲ್ಲ.”

“ಹಾಗಾದ್ರೆ ನದಿ ದಾಟಿದ ಕಥೆ ಎಲ್ಲಿಂದ ಬಂತಕ್ಕಾ?”

“ನಿಮ್ಮ ಪೇಪರಿಂದ,” ಅಂದರು ಅಕ್ಕ.

ಮೊದಲು ಬಂದದ್ದು ತಂತಿ: ಕಾಣೆಯಾಗಿದ್ದಾನೆ ಎಂದು. ಒಂಬತ್ತು ದಿನದ ಮೇಲೆ ಪತ್ರಿಕೆಯಲ್ಲಿ ಮರಣದ ಸುದ್ದಿ ಬಂತು. ತಾಯಿಗೆ ಕಣ್ಣು ಮಂಜು. ಅಕ್ಕ ಓದಿ ಹೇಳಿದರು. ಸಾಯುವವರೆಗಿನದೆಲ್ಲ ಸರಿಯಾಗಿಯೇ ಇತ್ತು. ಕೊನೆಯಲ್ಲಿ ನದಿ.

“ಅಮ್ಮ ಎದ್ದು ನಿಂತಳು. ಇನ್ನೊಂದ್ಸಲ ಓದು ಅಂದಳು. ಓದಿದೆ. ‘ನದಿ ದಾಟಿದವನು ನಮ್ಮವನಲ್ಲ. ಅಂದ್ರೆ ಸತ್ತವನೂ ನಮ್ಮವನಲ್ಲ. ಪಾಪ, ಯಾರ ಮನೆ ಹುಡುಗನೋ’ ಅಂದು ಒಳಗೆ ಹೋದಳು. ಆಮೇಲೆ ಸೇನೆಯಿಂದಲೇ ಕಾಗದ ಬಂತು. ಅವರೂ ಪೇಪರ್ ನೋಡ್ಕೊಂಡು ಬರೆದಿದ್ದಾರೆ ಅಂದಳು.”

“ಎಷ್ಟು ದಿನ ಹಾಗಿದ್ದರು?”

“ಹನ್ನೊಂದು ವರ್ಷ. ಸಾಯೋವರೆಗೂ. ದಿನಾ ಅವನ ತಟ್ಟೆ ತೊಳೆದು ಇಡ್ತಿದ್ದಳು. ಒಂದು ದಿನವೂ ಅಳಲಿಲ್ಲ. ಅದು ಒಳ್ಳೇದಾಯ್ತೋ ಕೆಟ್ಟದಾಯ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಗೀತಾ?”

ಟ್ರಂಕ್ ಕಾಲುಗಳ ನಡುವೆ ಮೂರು ನಿಮಿಷಕ್ಕೊಮ್ಮೆ ‘ಮುಗೀತಾ’ ಎಂದು ಕೇಳಿ ಅಭ್ಯಾಸವಾದ ಬಾಯಿ. ಕರಡಪ್ಪನವರು ಮುಗೀತು ಅಂದು ಎದ್ದರು. ಮೆಟ್ಟಿಲಿಳಿಯುತ್ತ ಅರ್ಧಕ್ಕೇ ನಿಂತರು. ಆ ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಲು ಎಷ್ಟು ಜನರಿದ್ದರು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬ.

ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ವರ್ಷಕ್ಕೊಂದರಂತೆ ದಪ್ಪ ರಟ್ಟು ಹಾಕಿ ಕಟ್ಟಿಟ್ಟಿದ್ದರು. ಕರಡಪ್ಪನವರು ಪುಟ ತೆಗೆದರು. ಎರಡನೇ ಕಾಲಮ್ಮಿನಲ್ಲಿ ಹುಡುಗನ ಸುದ್ದಿ, ಮೂರನೇ ಕಾಲಮ್ಮಿನಲ್ಲಿ ನದಿ ಈಜು ಸ್ಪರ್ಧೆಯ ಸುದ್ದಿ. ಎರಡೂ ಪುಟದ ಬುಡದಲ್ಲಿ ಒಂದೇ ಮಟ್ಟಕ್ಕೆ ಮುಗಿದಿದ್ದವು. ಅವರು ತುಟಿ ಆಡಿಸುತ್ತ ಹುಡುಗನದನ್ನು ಓದಿದರು.

‘ಶಾಲೆಯಲ್ಲಿದ್ದಾಗಲೇ ಇವರು ನದಿಯನ್ನು ಒಂದೇ ಕೈಯಲ್ಲಿ ಮೂರು ಬಾರಿ ಈಜಿ ದಾಟಿ ನೆರೆದವರೆಲ್ಲರ ಮೆಚ್ಚುಗೆ ಗಳಿಸಿದರು. ದಣಿವಿನ ಸುಳಿವೂ ಇವರಲ್ಲಿ ಕಾಣಲಿಲ್ಲ.’

ಆಮೇಲೆ ಪಕ್ಕದ್ದನ್ನು ಓದಿದರು.

‘ಸ್ಪರ್ಧೆಯಲ್ಲಿ ಭಾಗವಹಿಸಿದ್ದ ಐವತ್ತೆರಡು ವರ್ಷದ ಕ್ಷೌರಿಕರೊಬ್ಬರು ಎಡಗೈಗೆ ಪೆಟ್ಟಾಗಿ ಪಟ್ಟಿ ಕಟ್ಟಿಕೊಂಡಿದ್ದರೂ ಗಡಿಯಾರ, ರೇಡಿಯೋಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ವಿಶೇಷ ಆಸಕ್ತಿ ತೋರಿದ್ದರು. ಮೃತರು ತಾಯಿಯನ್ನೂ ಅಕ್ಕನನ್ನೂ ಅಗಲಿದ್ದಾರೆ.’

ಇನ್ನೊಂದು ಕೈಗೆ ಏನಾಗಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಪಟ್ಟಿ ಕಟ್ಟಿತ್ತು.

ಅಚ್ಚಿನ ಮೊಳೆ ಜೋಡಿಸಿದ ಸಾಲುಗಳನ್ನು ಪುಟಕ್ಕೆ ಕೂರಿಸುವಾಗ ಕೊನೆಯ ಮೂರು ಮೂರು ಸಾಲು ಅದಲುಬದಲಾಗಿದ್ದವು. ಆಗುವಂಥದ್ದೇ. ಆಗಬಾರದೆಂದೇ ಪುಟ ಕೂರಿಸಿದ ಮೇಲೆ ಇನ್ನೊಮ್ಮೆ ಗಟ್ಟಿಯಾಗಿ ಓದಿಸುವ ಪದ್ಧತಿ. ಕರಡಪ್ಪನವರಿಗೆ ಆ ಸಂಜೆ ನೆನಪಾಯಿತು. ಯುದ್ಧದ ಕಾಲ, ಕತ್ತಲಾಗುವ ಮುಂಚೆ ದೀಪ ಆರಿಸಬೇಕೆಂಬ ಆಜ್ಞೆ. ಮೂಲ ಓದುತ್ತಿದ್ದವನು ಹೆಂಡತಿಗೆ ಹೆರಿಗೆ ನೋವೆಂದು ಬೇಗ ಹೋಗಿದ್ದ. ಇಪ್ಪತ್ತೆರಡು ವರ್ಷದ ಕರಡಪ್ಪ ಕಿಟಕಿಯ ಕೊನೆಯ ಬೆಳಕಿನಲ್ಲಿ ಒಬ್ಬನೇ ನಿಂತು ಇಡೀ ಪುಟವನ್ನು ಮನಸ್ಸಿನಲ್ಲೇ ಓದಿ, ಮೂಲೆಯಲ್ಲಿ ಸಹಿ ಹಾಕಿದ್ದ. ಜೀವಮಾನದಲ್ಲಿ ಒಬ್ಬನೇ ಓದಿ ಬಿಟ್ಟದ್ದು ಅದೊಂದೇ ಪುಟ. ನಲವತ್ತೊಂದು ವರ್ಷ ಪ್ರತಿದಿನ ನಾಲ್ಕು ಸಾವಿರ ಪ್ರತಿಗಳಲ್ಲಿ ಒಂದು ಕೊಂಬು, ಒಂದು ಇಳಿ ತಪ್ಪಲು ಬಿಡದವನೆಂದು ಬೀಳ್ಕೊಡುಗೆಯ ದಿನ ಶಾಲು ಹೊದಿಸಿದ್ದರು. ಶಾಲು ಮನೆಯಲ್ಲಿತ್ತು.

ಎರಡನೇ ಸಾಕ್ಷಿ ಬೇಕಿತ್ತು. ಕ್ಷೌರಿಕನ ಮಗ ಸಂತೆಬೀದಿಯ ಮೂಲೆಯಲ್ಲಿ ಸಿಕ್ಕ. ಅಂಗಡಿಯಲ್ಲಿ ಹಳೆಯ ಕ್ಷೌರದ ಕುರ್ಚಿಯೊಂದು ಇತ್ತಾದರೂ ಅದರಲ್ಲಿ ಕೂತು ಅವನೇ ವಾಚು ರಿಪೇರಿ ಮಾಡುತ್ತಿದ್ದ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಮಾತಾಡಿದ.

“ನಮ್ಮಪ್ಪ ಸತ್ತಿದ್ದು ಎರಡು ಸಲ ಯಜಮಾನ್ರೇ. ಮೊದಲನೇದು ಪೇಪರಲ್ಲಿ.”

“ಪ್ರೆಸ್ಸಿಗೆ ಬಂದು ಹೇಳಬೇಕಿತ್ತು.”

“ಹೊರಟಿದ್ದ. ನಮ್ಮಮ್ಮ ಬಿಡಲಿಲ್ಲ. ಪೇಪರಲ್ಲಿ ಬಂದಿರೋದೇ ಹೆಚ್ಚು, ಅದರಲ್ಲಿ ಹುಳುಕು ಬೇರೆ ಹುಡುಕ್ತೀಯಾ ಅಂದಳು. ಅಳೋಕೆ ಬಂದವರಿಗೆಲ್ಲ ಅಪ್ಪನೇ ಟೀ ಕೊಟ್ಟ. ಆಮೇಲೆ ಜನ ಗಡಿಯಾರ ತರೋಕೆ ಶುರು ಮಾಡಿದ್ರು. ಕ್ಷೌರದವನಿಗೆ ಗಡಿಯಾರ ರಿಪೇರಿ ಬರುತ್ತಂತೆ, ಪೇಪರಲ್ಲಿತ್ತು ಅಂತ. ಅಪ್ಪನಿಗೆ ಇಲ್ಲ ಅನ್ನೋಕೆ ನಾಚಿಕೆ. ಬಿಚ್ಚಿದ. ಒಂದೆರಡು ಹಾಳು ಮಾಡಿದ. ಮೂರನೇದು ನಡೀತು. ಈಗ ನಮ್ಮನೇಲಿ ಕತ್ತರಿ ಹಿಡಿಯೋರೇ ಇಲ್ಲ. ತಮ್ಮಂದಿರಿಬ್ಬರದೂ ಇದೇ ಕಸುಬು.”

ಕರಡಪ್ಪನವರು ಆ ತಪ್ಪು ತನ್ನದೆಂದು ಹೇಳಿದರು. ಹೇಳಿ, ಬೈಗುಳಕ್ಕೆ ಕಾದು ನಿಂತರು. ವಾಚಿನವನು ಮಸೂರ ತೆಗೆದು ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡ.

“ನಿಮ್ಮಿಂದಲೇ ನಮ್ಮನೆ ಒಲೆ ಉರಿದಿದ್ದು. ನಿಮ್ಮ ಗಡಿಯಾರ ಏನಾದ್ರೂ ಕೆಟ್ಟಿದೆಯಾ?”

ಬೈದಿದ್ದರೆ ಹಗುರಾಗುತ್ತಿತ್ತು. ಕರಡಪ್ಪನವರು ಇನ್ನಷ್ಟು ಭಾರವಾಗಿ ಮನೆಗೆ ಬಂದರು.

ಉಳಿದದ್ದು ಈಜು ಪರೀಕ್ಷೆ. ನೀರು ಕಂಡರೆ ಆಗದವನು ಮೂರನೇ ಸಲ ಪಾಸಾದದ್ದು ಹೇಗೆ? ಹುಡುಗ ಸತ್ತಾಗ ಅಕ್ಕನಿಗೆ ಸಂತಾಪದ ಕಾಗದ ಬರೆದವನೊಬ್ಬನಿದ್ದ, ಅದೇ ಶಿಬಿರದಲ್ಲಿ ವಿಮಾನದ ಎಂಜಿನ್ನು ನೋಡಿಕೊಳ್ಳುತ್ತಿದ್ದ ಫಿಟ್ಟರ್. ವಿಳಾಸ ಹಳೆಯದಾದರೂ ಮನುಷ್ಯ ಅಲ್ಲೇ ಇದ್ದ. ಬಸ್ಸಿನಲ್ಲಿ ಮೂರು ಗಂಟೆ. ತಗಡಿನ ಶೆಡ್ಡೊಂದರಲ್ಲಿ, ಬಿಚ್ಚಿದ ಪಂಪುಗಳ ನಡುವೆ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತಿದ್ದ. ಎಂಬತ್ತಾಗಿತ್ತು. ಕರಡಪ್ಪನವರು ದಾಖಲೆಯ ಕಾಗದ ಕೊಟ್ಟರು. ಫಿಟ್ಟರ್ ಅದರಲ್ಲಿ ಒಂದೇ ಸಾಲು ಓದಿ ವಾಪಸ್ಸು ಕೊಟ್ಟ.

“ಆ ಮೂರನೇದು ನಾನು.”

“ಅಂದ್ರೆ?”

“ಅವನ ನಂಬರ್ ಕೂಗಿದ್ರು. ನಾನು ನೀರಿಗೆ ಬಿದ್ದೆ. ಅರ್ಧ ಗಂಟೆ ಮುಂಚೆ ನನ್ನ ನಂಬರಿಗೂ ನಾನೇ ಬಿದ್ದಿದ್ದೆ. ದಡದಲ್ಲಿ ನಿಂತಿದ್ದ ಸಾರ್ಜೆಂಟಿಗೆ ಒದ್ದೆ ತಲೆಗಳೆಲ್ಲ ಒಂದೇ ಥರ.”

“ಯಾಕೆ ಹಾಗೆ ಮಾಡ್ದಿರಿ?”

“ಕೇಳಿಕೊಂಡ. ‘ಈಜು ಪಾಸಾಗದಿದ್ರೆ ಸಮುದ್ರದ ಮೇಲೆ ಹಾರೋಕೆ ಬಿಡಲ್ಲ ಕಣೋ, ನೀನು ಎರಡು ಸಲ ಈಜಿದ್ರೆ ನಿನಗೇನು ನಷ್ಟ’ ಅಂದ. ನನಗೇನೂ ನಷ್ಟ ಇರಲಿಲ್ಲ. ಈಜಿದೆ. ಯಾರಿಗೂ ಹೇಳ್ಬೇಡ ಅಂದ. ಹೇಳಲಿಲ್ಲ. ಆರು ವಾರಕ್ಕೆ ವಿಮಾನ ವಾಪಸ್ಸು ಬರಲಿಲ್ಲ.” ಫಿಟ್ಟರ್ ಚಿಂದಿಬಟ್ಟೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ. “ಹೆಂಡತಿಗೂ ಹೇಳಿಲ್ಲ. ಈಗ ನಿಮಗೆ ಹೇಳ್ತಿದ್ದೀನಿ. ಅಚ್ಚು ಹಾಕಿ. ನನ್ನ ಹೆಸರು ಹಾಕಿಯೇ ಹಾಕಿ. ಸಾಯೋದರೊಳಗೆ ಅಚ್ಚಲ್ಲಿ ನೋಡ್ಬೇಕು ನಾನು.”

ಕರಡಪ್ಪನವರು ಹಾಕುತ್ತೇನೆಂದು ಮಾತು ಕೊಟ್ಟರು. ಕೊಡುವಾಗ ಅವರಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಇದೂ ಅವರ ಎದೆಯಲ್ಲಿದ್ದ ಕಲ್ಲಿನ ಜಾತಿಯದೇ ಕಲ್ಲು. ಎರಡನ್ನೂ ಒಂದೇ ಪುಸ್ತಕದಲ್ಲಿ ಇಳಿಸಬಹುದು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದರು: ಆ ಹುಡುಗನ ಹೆಸರಿನಲ್ಲಿ ಈಜಿದವರು ಇಬ್ಬರು, ಒಬ್ಬ ಕ್ಷೌರಿಕ, ಒಬ್ಬ ಫಿಟ್ಟರ್. ಇಬ್ಬರೂ ಚೆನ್ನಾಗಿಯೇ ಈಜಿದ್ದರು.

ಹದಿನಾರು ಪುಟ ಸಿದ್ಧವಾಯಿತು. ಹೆಡ್‌ಮೇಡಂ ಓದಿ, ಕುಡಿಯಲು ನೀರು ತರಿಸಿಕೊಂಡರು.

“ಸಾರ್, ಎರಡು ವಿಮಾನ ಹೋಯ್ತು, ಪೈಲಟ್ ಹೋಯ್ತು, ನದಿಯೂ ಹೋಯ್ತು. ಸಭಾಂಗಣ ಮಾತ್ರ ಉಳೀತು. ಈಜುಲೋಟದ ವಿಷಯ ಮಕ್ಕಳಿಗೆ ಏನು ಹೇಳಲಿ?”

“ಎರಡು ಕೈಯಲ್ಲೂ ಈಜಿ ಅಂತ ಹೇಳಿ.”

ಹೆಡ್‌ಮೇಡಂ ತಕರಾರು ಮಾಡಲಿಲ್ಲ. ಅವರಿಗೆ ಉದ್ಘಾಟನೆಯ ದಿನಾಂಕ ಹತ್ತಿರವಾಗಿತ್ತು. ಪ್ರೆಸ್ಸಿನವರು ಕರಡು ತೆಗೆದು ಕೊಟ್ಟು, ಸೋಮವಾರ ಸಂಜೆ ಐದಕ್ಕೆ ತಿದ್ದಿದ ಪ್ರತಿ ಬೇಕೆಂದರು. ಗಟ್ಟಿಯಾಗಿ ಓದಲು ಶಾಲೆಯ ಭಾಷಾ ಮೇಷ್ಟರು ಬಂದರು. ಅವರು ಇದ್ದದ್ದನ್ನು ಓದದೆ, ಇರಬೇಕಾದ್ದನ್ನು ಓದುತ್ತಿದ್ದರು. ಅರ್ಧ ಪುಟಕ್ಕೆ ಕರಡಪ್ಪನವರು ಅವರಿಗೆ ಟೀ ಕುಡಿಸಿ ಕಳಿಸಿದರು. ಆಮೇಲೆ ಅಕ್ಕನಿಗೆ ಫೋನ್ ಮಾಡಿದರು. ಆ ಧ್ವನಿ ಅವರ ಕಿವಿಯಲ್ಲಿ ಉಳಿದಿತ್ತು: ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಎಣ್ಣೆ ಹಾಕಿದ ಬಾಗಿಲಿನ ಹಾಗೆ.

“ಎಷ್ಟು ನಿಮಿಷ?”

“ಒಂದೂವರೆ ಗಂಟೆ ಆಗಬಹುದಕ್ಕಾ.”

“ಟ್ರಂಕ್ ಕಾಲಾಗಿದ್ರೆ ಕಟ್ ಮಾಡ್ತಿದ್ದೆ. ಬರ್ತೀನಿ.”

ಸೋಮವಾರ ಮಧ್ಯಾಹ್ನ ಎರಡಕ್ಕೆ ಅಕ್ಕ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಕೂರುವ ಮುಂಚೆ ಕರಡಪ್ಪನವರು ಅದನ್ನು ಎರಡು ಸಲ ಒರೆಸಿದ್ದರು. ಕೈಬರಹದ ಮೂಲ ಅಕ್ಕನ ಕೈಗೆ, ಅಚ್ಚಿನ ಕರಡು ತಮ್ಮ ಮುಂದೆ. ಬರೆದದ್ದನ್ನು ಅವರು ಅಕ್ಕನಿಗೆ ಮುಂಚಿತವಾಗಿ ತೋರಿಸಿರಲಿಲ್ಲ, ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಹೇಳಬೇಕೆಂದು ಮೂರು ಸಲ ಎಕ್ಸ್‌ಚೇಂಜಿನವರೆಗೂ ಹೋಗಿ ಮರಳಿದ್ದರು. ಹಾಳೆಯ ಮೇಲಿರುವುದನ್ನು ಓದಿಸಿಯೇ ತಿಳಿಸುವುದು ಅವರಿಗೆ ಬರುತ್ತಿದ್ದ ಒಂದೇ ದಾರಿ.

ಅಕ್ಕ ಓದಲು ಶುರು ಮಾಡಿದರು. ಅಲ್ಪವಿರಾಮ ಬಂದಲ್ಲಿ ಅಲ್ಪವಿರಾಮ ಅಂದರು, ಪೂರ್ಣವಿರಾಮ ಬಂದಲ್ಲಿ ಪೂರ್ಣವಿರಾಮ ಅಂದರು, ಎಲ್ಲವನ್ನೂ ಒಂದೇ ಧಾಟಿಯಲ್ಲಿ. ಕರಡಪ್ಪನವರ ಪೆನ್ಸಿಲ್ ಸಾಲಿನ ಕೆಳಗೆ ಹಿಂಬಾಲಿಸಿತು. ಗಡಿಯಾರ ಬಂತು, ಮಿಕ್ಕ ಚಕ್ರ ಬಂತು, ತಟ್ಟೆಯ ಅಂಚು ಬಂತು. ನೀರಿನ ಭಯ ಬಂತು. ಅಕ್ಕ ಅದನ್ನೂ ಓದಿದರು. ಕ್ಷೌರಿಕ ಗಡಿಯಾರ ಬಿಚ್ಚಿದ ಕಡೆ ಒಂದು ಕ್ಷಣ ಮೂಗಿನಲ್ಲೇ ನಕ್ಕು, “ಪೂರ್ಣವಿರಾಮ” ಅಂದರು. ಹಾಳೆ ತಿರುಗಿತು.

“ಸಾಲುಗಳು ಹೀಗೆ ಅದಲುಬದಲಾದದ್ದಕ್ಕೆ ಈ ಪುಸ್ತಿಕೆಯ ಲೇಖಕನೇ ಹೊಣೆ ಪೂರ್ಣವಿರಾಮ. ಅಂದು ಅವನು ಪುಟವನ್ನು ಒಬ್ಬನೇ ಅಲ್ಪವಿರಾಮ ಮನಸ್ಸಿನಲ್ಲೇ ಓದಿ ಬಿಟ್ಟನು ಪೂರ್ಣವಿರಾಮ. ಇದರಿಂದಾಗಿ ಒಬ್ಬ ತಾಯಿ ಹನ್ನೊಂದು ವರ್ಷ ಮಗನಿಗಾಗಿ ಕಾದಳು ಪೂರ್ಣವಿರಾಮ.”

ಅಕ್ಕ ತಲೆಯೆತ್ತಿದರು. “ನೀವಾ?”

“ನಾನೇ.”

ಕರಡಪ್ಪನವರು ಪೆನ್ಸಿಲ್ಲಿನ ತುದಿ ನೋಡುತ್ತ ಕೂತರು.

“ಲೈನಲ್ಲೇ ಇರಿ,” ಅಂದರು ಅಕ್ಕ. “ಆಮೇಲೆ ಮಾತಾಡ್ತೀನಿ.” ಮುಂದಕ್ಕೆ ಓದಿದರು.

“ವಾಯುಸೇನೆಯ ಈಜು ಪರೀಕ್ಷೆಯಲ್ಲಿ ಅವನು ಎರಡು ಬಾರಿ ಅನುತ್ತೀರ್ಣನಾದನು ಪೂರ್ಣವಿರಾಮ. ಮೂರನೆಯ ಬಾರಿ ಅವನ ಹೆಸರಿನಲ್ಲಿ ನೀರಿಗಿಳಿದವರು”

ಧ್ವನಿ ನಿಂತಿತು. ಓದುವವರು ಉಸಿರಿಗೆಂದು ನಿಲ್ಲುವ ಜಾಗವಲ್ಲ ಅದು. ಕರಡಪ್ಪನವರು ಕಾದರು. ಅಕ್ಕನ ಕಣ್ಣು ಮಾತ್ರ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು.

“ಅಕ್ಕಾ, ಮನಸ್ಸಿನಲ್ಲಿ ಓದಬಾರದು.”

“ಇದನ್ನ ಹೇಳಿದ್ದು ಆ ಫಿಟ್ಟರಾ?”

“ಹೌದು. ದಾಖಲೆಯಲ್ಲೂ ತಾಳೆಯಾಗುತ್ತೆ.”

“ಯಾರಿಗೂ ಹೇಳ್ಬೇಡ ಅಂತ ನನ್ನ ತಮ್ಮ ಹೇಳಿದ್ದ ಅಂತ ಇಲ್ಲೇ ಬರೆದಿದ್ದೀರಿ.”

“ಐವತ್ತಾರು ವರ್ಷ ಹೇಳಿರಲಿಲ್ಲ ಅವರು. ಈಗ ಅಚ್ಚಾಗಬೇಕು ಅಂತ ಅವರೇ ಕೇಳಿದ್ದಾರೆ. ನಾನು ಮಾತು ಕೊಟ್ಟಿದ್ದೀನಿ.”

ಅಕ್ಕ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಮೂವತ್ತನಾಲ್ಕು ವರ್ಷ ಈ ಊರಿನ ಮಾತೆಲ್ಲ ನನ್ನ ಕಿವಿಯೊಳಗೆ ಹಾದು ಹೋಗಿದೆ ಕರಡಪ್ಪನವರೇ. ಯಾರು ಯಾರ ಹತ್ರ ಅತ್ರು, ಯಾರು ಯಾರಿಗೆ ಸುಳ್ಳು ಹೇಳಿದ್ರು. ನಿಮ್ಮ ಹೆಡ್‌ಮೇಡಂ ಅಪ್ಪ ಮದುವೆಗೆ ಮುಂಚೆ ದಿನಾ ನಾಲ್ಕು ಗಂಟೆಗೆ ಯಾರಿಗೆ ಫೋನ್ ಮಾಡ್ತಿದ್ದ ಅಂತಲೂ ಗೊತ್ತು. ಒಂದು ಮಾತು ಆಚೆ ಬಂದಿದ್ದು ನೀವು ಕೇಳಿದ್ದೀರಾ?”

“ಇಲ್ಲ.”

“ಈಗಲೂ ಕೇಳಲ್ಲ. ನಿಮ್ಮ ತಪ್ಪು ಬೇರೆ. ಅದು ನಾಲ್ಕು ಸಾವಿರ ಪ್ರತಿ ಹಂಚಿಹೋಗಿತ್ತು. ಹಂಚಿದ್ದನ್ನ ಹಂಚಿಯೇ ತಿದ್ದಬೇಕು. ಅದಕ್ಕೇ ಓದಿದೆ, ನಿಲ್ಲಿಸಲಿಲ್ಲ. ಇದು ನನ್ನ ತಮ್ಮ ಒಬ್ಬನ ಕಿವಿಗೆ ಹೇಳಿದ ಮಾತು.”

“ಇದ್ದದ್ದು ಇದ್ದಹಾಗೆ ಬರೀಬೇಕು ಅಂದವರು ನೀವೇ ಅಕ್ಕಾ.”

“ಬರೀರಿ ಅಂದೆ. ಬರೆದಿದ್ದೀರಿ. ನಿಮ್ಮ ಕೈ ಹಿಡ್ಕೊಂಡೆನಾ?”

“ನೀವು ಓದದೆ ಇದು ಅಚ್ಚಿಗೆ ಹೋಗಲ್ಲ.”

“ಅದು ನಿಮ್ಮ ನಿಯಮ.”

ಕರಡಪ್ಪನವರು ಗಡಿಯಾರ ನೋಡಿದರು. ನಾಲ್ಕೂಕಾಲಾಗಿತ್ತು; ಐದಕ್ಕೆ ಕರಡು ಪ್ರೆಸ್ಸಿನಲ್ಲಿರಬೇಕು. ಎಂಟು ಸಾಲು. ಪೆನ್ಸಿಲ್ ಆಡಿಸಿಕೊಂಡು ಮನಸ್ಸಿನಲ್ಲೇ ಓದಿದರೆ ಒಂದು ನಿಮಿಷದ ಕೆಲಸ. ಕಿಟಕಿಯಲ್ಲಿ ಬೆಳಕು ಇನ್ನೂ ಚೆನ್ನಾಗಿತ್ತು, ಅಂದಿಗಿಂತ ಚೆನ್ನಾಗಿತ್ತು. ಅವರ ಕಣ್ಣು ಎರಡನೇ ಸಾಲಿನವರೆಗೆ ತಾನಾಗಿ ಹೋಯಿತು. ತುಡುಗು ದನವನ್ನು ಹೊಲದಿಂದ ಎಳೆಯುವಂತೆ ಅದನ್ನು ಹಿಂದಕ್ಕೆ ಎಳೆದುಕೊಂಡರು. ತಗಡಿನ ಶೆಡ್ಡಿನಲ್ಲಿ, ಪೆಟ್ಟಿಗೆಯ ಮೇಲೆ ಕೂತು ಬೆರಳು ಒರೆಸಿಕೊಳ್ಳುತ್ತಿದ್ದ ಮುದುಕ ಕಣ್ಣಿಗೆ ಕಟ್ಟಿದ.

“ಅವನಿಗೆ ಎಂಬತ್ತು ವರ್ಷ ಅಕ್ಕಾ,” ಅಂದರು. “ಅಂಚೆ ನೋಡ್ತಾ ಕೂತಿರ್ತಾನೆ.”

“ನನ್ನ ನಂಬರ್ ಕೊಡಿ ಅವನಿಗೆ. ಮಾತಾಡಲಿ. ಎಷ್ಟು ಹೊತ್ತಾದ್ರೂ ಕೇಳ್ತೀನಿ. ಮುಗೀತಾ ಅಂತ ಕೇಳಲ್ಲ.”

“ಅವನಿಗೆ ಬೇಕಾಗಿರೋದು ಅಚ್ಚು.”

ಕರಡಪ್ಪನವರು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಪೆನ್ಸಿಲ್ಲಿನ ಮೊನೆಯನ್ನು ನಿಂತ ಪದದ ಕೆಳಗೆ ಮತ್ತೆ ಇಟ್ಟರು. ನಲವತ್ತೊಂದು ವರ್ಷದಲ್ಲಿ ಮೂಲ ಓದುವವರನ್ನು ಅವರು ಬೇಡಿಕೊಂಡದ್ದಿಲ್ಲ.

“ಎಂಟೇ ಸಾಲು ಅಕ್ಕಾ. ಗಟ್ಟಿಯಾಗಿ ಬೇಡ, ಪಿಸುಮಾತಲ್ಲಿ ಓದಿದ್ರೂ ಸಾಕು. ಇಲ್ಲಿ ಇರೋದು ನಾನೊಬ್ಬನೇ.”

ಅಕ್ಕ ಹಾಳೆಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಅದರ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿದರು.

“ಓದಲ್ಲ,” ಅಂದರು.